ನೂರಕ್ಕೆ ವಯಸ್ಸು ಕೂಡಿಸಿ

ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ಮದ್ದೂರಿನ ಡಾಕ್ಟರೊಬ್ಬರ ಹತ್ತಿರ ಕಾಂಪೌಂಡರ್ ಆಗಿದ್ದೆ. ರಕ್ತದೊತ್ತಡ ನೋಡುವ ಪಾದರಸದ ಪೆಟ್ಟಿಗೆ ಬಂದ ದಿನದಿಂದ ಒಂದಲ್ಲ ಒಂದು ರಗಳೆ. ರೋಗಿಯ ಒತ್ತಡ ಏರಿತ್ತೋ ಇಲ್ಲವೋ, ನನ್ನ ರಕ್ತವಂತೂ ದಿನಾ ಕುದಿಯುತ್ತಿತ್ತು.

೧. ಬದಲಿ ತೋಳು

ಮಳವಳ್ಳಿ ಕಡೆಯ ಸಾಹುಕಾರರಿಗೆ ತಲೆಸುತ್ತು. ಬಂದವನು ಅವರ ಆಳು. ಅಂಗಿಯ ತೋಳು ಮಡಿಸಿ ಪೆಟ್ಟಿಗೆಯ ಮುಂದೆ ಕೂತ.

"ನಿನಗೇನಯ್ಯಾ ಕಾಯಿಲೆ?"

"ನಂಗೇನಿಲ್ಲ ಬುಡಿ. ಯಜಮಾನ್ರಿಗೆ ಪುರುಸೊತ್ತಿಲ್ಲ. ಅವರ ಅಂಗಿ ನಂಗೆ ಸರಿಯಾಯ್ತದೆ, ಅದ್ಕೇ ನನ್ನ ಕಳ್ಸವ್ರೆ."

ನನಗೆ ಉರಿದುಹೋಯಿತು. "ಬೀಗರೂಟಕ್ಕೂ ನಿನ್ನನ್ನೇ ಕಳಿಸ್ತಾರೇನೋ?"

"ಇಲ್ಲ ಸ್ವಾಮಿ, ಅದ್ಕೆ ಅವರೇ ಓಯ್ತಾರೆ."

೨. ಎರಡು ಅಂಕಿ

ನಿಡಘಟ್ಟದ ರೈತನೊಬ್ಬ ಹೆಂಡತಿಯನ್ನು ಕರೆತಂದ. ಆಕೆಗೆ ತಲೆನೋವು, ಕಣ್ಣಿಗೆ ಕತ್ತಲೆ. ಪೆಟ್ಟಿಗೆ ಕಂಡದ್ದೇ ಇವನು ತನ್ನ ತೋಳು ಚಾಚಿದ. "ನೂರಾ ಮೂವತ್ತು, ಎಂಬತ್ತು" ಎಂದರು ಡಾಕ್ಟರು. ನಾವು ಇನ್ನೊಬ್ಬ ರೋಗಿಯ ಕಡೆ ತಿರುಗುವಷ್ಟರಲ್ಲಿ ಗಂಡ ಹೆಂಡತಿ ಮಾಯ.

ಓಡಿದೆ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಹೊಗೆ ಉಗುಳುತ್ತಾ ಇನ್ನೂ ನಿಂತಿತ್ತು, ಆಕೆಯ ಪುಣ್ಯ. "ಆಕೆಗೆ ನೋಡಲೇ ಇಲ್ಲವಲ್ಲಯ್ಯಾ!" ಎಂದು ಕೂಗಾಡಿದೆ.

"ಎಲ್ಡು ಯೋಳುದ್ರಲ್ಲ ಸ್ವಾಮಿ? ನಂದು ನೂರಾ ಮೂವತ್ತು, ಇವಳ್ದು ಎಂಬತ್ತು."

ಹಲ್ಲು ಕಚ್ಚಿಕೊಂಡು ವಿವರಿಸಿದೆ. ಹೃದಯ ರಕ್ತವನ್ನು ನೂಕಿದಾಗಿನ ಒತ್ತಡ ಮೇಲಿನ ಅಂಕಿ, ಅದು ಸಡಿಲಾದಾಗಿನದು ಕೆಳಗಿನದು. ಪ್ರತಿಯೊಬ್ಬರಿಗೂ ಎರಡೆರಡು ಇರುತ್ತವೆ.

ಅವನು ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದ. "ಎಂಗಸ್ರಿಗೂ ಎಲ್ಡಾ?"

೩. ನೂರು ವರ್ಷದ ಹೆಂಗಸು

ವಾಪಸು ಎಳೆತಂದು ನೋಡಿದರೆ ಆಕೆಯ ಮೇಲಿನ ಅಂಕಿಯೇ ಇನ್ನೂರು! ಡಾಕ್ಟರು ಗಾಬರಿಯಾದರು. "ಉಪ್ಪು ಬಿಡಬೇಕು. ಹದಿನೈದು ದಿನ ಮಲಗಿರಬೇಕು. ಇಲ್ಲದಿದ್ದರೆ ಜೀವಕ್ಕೇ ಅಪಾಯ."

"ಇವಳು ಮನೀಕಂಡ್ರೆ ಕೋಲಿಡ್ಕಂಡು ಮುದ್ದೆ ತೊಳ್ಸೋರ್ಯಾರು?" ಎಂದ ಗಂಡ.

ನೂರಕ್ಕೆ ವಯಸ್ಸು ಕೂಡಿಸಿದರೆ ಇರಬೇಕಾದ ಒತ್ತಡ ಸಿಗುತ್ತದೆ ಎಂಬ ಲೆಕ್ಕ ಆಗ ಡಾಕ್ಟರುಗಳಲ್ಲೇ ಇತ್ತು. ಅದು ತಪ್ಪು ಲೆಕ್ಕವೆಂದು ಆಮೇಲೆ ಗೊತ್ತಾಯಿತು. ನಮ್ಮವರು ಅದನ್ನೇ ಹೇಳಿದರು: "ಆಕೆಗೆ ನಲವತ್ತು. ನೂರಾ ನಲವತ್ತು ಇರಬೇಕಾದ್ದು ಇನ್ನೂರಿದೆ."

"ಅಷ್ಟೇಯಾ? ನೂರು ವರ್ಸ ಅಂತ ಬರ್ಕಳಿ, ಸರಿಯೋಯ್ತದೆ."

ಆ ಪೆಟ್ಟಿಗೆಯನ್ನು ಅವನ ತಲೆಯ ಮೇಲೇ ಕುಕ್ಕಬೇಕೆನಿಸಿತು. ಅಷ್ಟರಲ್ಲಿ, ಅದುವರೆಗೂ ತುಟಿ ಪಿಟಕ್ಕೆನ್ನದ ಆಕೆ ಹೇಳಿದಳು: "ಬರ್ಕೊಡಿ ಸ್ವಾಮಿ, ದಪ್ಪಕ್ಕೆ ಬರ್ಕೊಡಿ."

ಡಾಕ್ಟರು ಆಕೆಯ ಮುಖ ನೋಡಿ, ಚೀಟಿಯಲ್ಲಿ ವಯಸ್ಸು ನೂರು ಎಂದು ಬರೆದುಕೊಟ್ಟರು. ಆಕೆ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಬೆಂಚಿನ ಮೇಲೆ ಉದ್ದಕ್ಕೂ ಮಲಗಿಬಿಟ್ಟಳು. "ನೂರು ವರ್ಸದ ಮುದ್ಕಿ ಕೈಲಿ ಯಾರಾದ್ರೂ ಮುದ್ದೆ ತೊಳ್ಸಾರಾ? ಓಗು, ಉಲ್ಲು ಆಸಿ ಗಾಡಿ ತತ್ತಾ."

ಹದಿನೈದು ದಿನದ ಮೇಲೆ ಇಬ್ಬರೂ ಬಂದರು. ಆಕೆಯ ಒತ್ತಡ ಇಳಿದಿತ್ತು. ಅವನ ಎರಡೂ ಅಂಗೈಯಲ್ಲಿ ಮುದ್ದೆ ಕೋಲಿನ ಬೊಬ್ಬೆ. ಆ ಕೈಗಳನ್ನೇ ಮೆಲ್ಲಗೆ ಜೋಡಿಸಿ ಕೇಳಿದ:

"ಸ್ವಾಮಿ, ಇವಳ್ಗೆ ಮತ್ತೆ ನಲವತ್ತು ಬರ್ಕೊಡಿ."