ಯಕ್ಷಿತಾಳ ಫೇಸ್‌ಪ್ಯಾಕೂ ಜೋಳದ ರೊಟ್ಟಿಯೂ

ಕನ್ನಡಕ ಹಾಕದೆ ತಿಂಡಿಗೆ ಕೂತದ್ದೇ ನೀಲಕಂಠಪ್ಪನವರ ತಪ್ಪು. ಕೈಗೆ ಸಿಕ್ಕ ಚಂದದ ಡಬ್ಬಿಯಿಂದ ಚಟ್ನಿಪುಡಿ ಸುರಿದುಕೊಂಡು, ಎಣ್ಣೆ ಕಲಸಿ, ಎರಡು ಜೋಳದ ರೊಟ್ಟಿ ಮುಗಿಸಿದರು. ಉಪ್ಪು, ಖಾರ ಎರಡೂ ಇರಲಿಲ್ಲ. ಆದರೆ ಅನುಭವಸ್ಥ ಗಂಡಂದಿರು ಅಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ.

ಸ್ನಾನ ಮುಗಿಸಿ ಬಂದ ಹೆಂಡತಿ ಸೌಮ್ಯಾ ಚೀರಿದಳು. “ಅಯ್ಯ, ಅದು ಯಕ್ಷಿತಾನ ಫೇಸ್‌ಪ್ಯಾಕ್ ರೀ! ಹಿಮಾಲಯದ ಮಣ್ಣು ಐತಿ ಅದರಾಗ!”

ಮೇಲಿನ ಮಹಡಿಯ ಯಕ್ಷಿತಾ ಇನ್‌ಸ್ಟಾಗ್ರಾಂನಲ್ಲಿ ದಿನಾ ಮುಖ ತೊಳೆದುಕೊಂಡೇ ಹೆಸರು ಮಾಡಿದವಳು. ಜನ ಲಕ್ಷಗಟ್ಟಲೆ ನೋಡತೊಡಗಿದ ಮೇಲೆ ಬರೀ ನೀರು ಸಾಲದೆಂದು ತನ್ನ ಹೆಸರಿನದೇ ಫೇಸ್‌ಪ್ಯಾಕ್ ಬಿಟ್ಟಿದ್ದಳು. ಮಲಾಡಿನ ಅವರ ಬಿಲ್ಡಿಂಗಿಗೆಲ್ಲ ಒಂದೊಂದು ಡಬ್ಬಿ ಪುಕ್ಕಟೆ.

ಚೀರಾಟ ಕೇಳಿ ಎದುರುಮನೆಯ ಗುರುಬಾಯಿ ಒಳನುಗ್ಗಿದಳು. “ಕಾಲು ತಾಸಿನಾಗ ಒಣಗಿ ಗಟ್ಟಿ ಆಕ್ಕೈತಿ ಅಂತ ಡಬ್ಬಿ ಮ್ಯಾಲೆ ಬರದಾರ. ಹೊಟ್ಟ್ಯಾಗ ಮಡಕಿ ಆಗೂದರಾಗ ನೀರು ಕುಡಸ್ರಿ!”

ಕುಡಿಸಿದರು. ಉಪ್ಪುನೀರು, ಮಜ್ಜಿಗೆ, ಹರಳೆಣ್ಣೆ. ನೀಲಕಂಠಪ್ಪ ಬೇಸಿಗೆಯ ನೀರಿನ ಟ್ಯಾಂಕರಿನಂತೆ ಕುಲುಕಾಡತೊಡಗಿದರು. ಆಫೀಸಿಗೊಯ್ಯುವ ಲೋಕಲ್ ರೈಲು ಹೋಗಿ ಎಷ್ಟೋ ಹೊತ್ತಾಗಿತ್ತು. “ಸೌಮ್ಯಾ, ನಾ ಹೋದರ ಅಳಬ್ಯಾಡ,” ಎಂದರು ಕ್ಷೀಣವಾಗಿ.

“ಹೋಗೂಕಿಂತ ಮೊದಲ ಆಕಿನ್ನ ಹಿಡದು ಕೇಳ್ರಿ,” ಎಂದು ಗುರುಬಾಯಿ ಅವರನ್ನು ಮೇಲಕ್ಕೆ ಎಳೆದೊಯ್ದಳು.

ವಿಷಯ ಕೇಳಿ ಯಕ್ಷಿತಾ ಬಾಗಿಲಲ್ಲೇ ಪಿಸುಗುಟ್ಟಿದಳು. “ಅಂಕಲ್, ಪ್ಲೀಸ್, ಶೋರ್ ಮಾಡ್ಬೇಡಿ, ಮೆಲ್ಲಗೆ ಮಾತಾಡಿ. ಹಿಮಾಲಯಕ್ಕೆ ಯಾರು ಹೋಗ್ತಾರೆ ಮಾರಾಯ್ರೆ? ಅದು ಬರೀ ಪುಟಾಣಿ ಹಿಟ್ಟು, ಹುರಿಗಡಲೆದು. ಸ್ಟೇಷನ್ ಹತ್ರದ ಅಂಗಡಿದು.”

ಸಾವು ತಪ್ಪಿದ ಸಂತೋಷ ಒಂದು ಕ್ಷಣ. ಆಮೇಲೆ ಕುಡಿದ ಹರಳೆಣ್ಣೆಯೆಲ್ಲ ಸಿಟ್ಟಾಗಿ ನೆತ್ತಿಗೇರಿತು. ಒಳಗೆ ಸ್ಟ್ಯಾಂಡಿನ ಮೇಲೆ ಯಕ್ಷಿತಾಳ ಫೋನು ಲೈವ್ ನಡೆಸುತ್ತಿತ್ತು. ನೀಲಕಂಠಪ್ಪ ನುಗ್ಗಿ ಅದರ ಮುಂದೆ ನಿಂತರು.

“ಕೇಳ್ರಿ ಎಲ್ಲಾರೂ! ಇದು ಮಣ್ಣಲ್ಲ, ಪುಟಾಣಿ ಹಿಟ್ಟು! ಮುಂಜಾನೆ ರೊಟ್ಟಿ ಜೋಡಿ ನಾನ ತಿಂದೀನಿ! ಉಪ್ಪಿಲ್ಲ, ಖಾರಿಲ್ಲ!”

ಯಕ್ಷಿತಾ ಮುಖ ಮುಚ್ಚಿಕೊಂಡಳು. ಜೀವಮಾನದಲ್ಲಿ ಮೊದಲ ಸಲ ಒಂದು ಮೋಸ ಬಯಲಿಗೆಳೆದ ಹೆಮ್ಮೆಯಲ್ಲಿ ನೀಲಕಂಠಪ್ಪ ಮನೆಗಿಳಿದು, ಸಂಜೆಯವರೆಗೆ ನಿದ್ದೆ ಹೊಡೆದರು.

ಎಬ್ಬಿಸಿದ್ದು ಗುರುಬಾಯಿ. ಅವಳ ಫೋನಿನಲ್ಲಿ ನೀಲಕಂಠಪ್ಪ ಬಾಯಿ ಅಗಲಿಸಿ ಕೂಗುತ್ತಿದ್ದರು. ಕೆಳಗೆ ಬಣ್ಣಬಣ್ಣದ ಅಕ್ಷರ: “ತಿನ್ನುವಷ್ಟು ಶುದ್ಧ! ನಮ್ಮ ಅಂಕಲ್ ತಿಂದಿದ್ದಾರೆ, ನೀವು ಹಚ್ಚಲು ಯಾಕೆ ಹೆದರುತ್ತೀರಿ?”

“ಇದ್ದದ್ದೆಲ್ಲಾ ಖಾಲಿ ಆಗೈತಂತ್ರಿ,” ಎಂದಳು ಗುರುಬಾಯಿ ಅಭಿಮಾನದಿಂದ. “ನಾನೂ ಎರಡು ಬುಕ್ ಮಾಡೀನಿ. ನಾಳಿಯಿಂದ ಉಪ್ಪು, ಖಾರ ಹಾಕಿದ್ದೂ ಬರ್ತೈತಂತ, ತಿನ್ನಾಕ.”

ನೀಲಕಂಠಪ್ಪ ಎದ್ದು ಅಡುಗೆಮನೆಗೆ ಹೋದರು. ಸೌಮ್ಯಾ ದೊಡ್ಡದೊಂದು ರಟ್ಟಿನ ಪೆಟ್ಟಿಗೆಯಿಂದ ಡಬ್ಬಿಗಳನ್ನು ತೆಗೆದು ಸಾಲಾಗಿ ಜೋಡಿಸುತ್ತಿದ್ದಳು.

“ಯಕ್ಷಿತಾ ನಿಮಗ ಥ್ಯಾಂಕ್ಸ್ ಹೇಳಿ ಕಳಿಸ್ಯಾಳ್ರಿ,” ಎಂದಳು. “ಇವು ಮುಗಿಯೂತನಕ ನಾ ಇನ್ನ ಚಟ್ನಿ ಕುಟ್ಟಂಗಿಲ್ಲ.”