ಚೌಕಟ್ಟಿನಲ್ಲಿ ಕೂರದ ಭಾವ

ಭಾನುವಾರ ಬೆಳಿಗ್ಗೆ ಅತ್ತೆಯ ಮಂಚದ ಎದುರಿಗೆ ಕುರ್ಚಿ ಹಾಕಿ, ಅದರ ಮೇಲೆ ಹತ್ತಿ ನಿಂತು, ಗೋಡೆಯ ಖಾಲಿ ಚೌಕಟ್ಟಿಗೆ ಟೇಪು ಹಿಡಿದೆ. ಕೊರಳಿಗೆ ಟೇಪು ಹಾಕಿಕೊಂಡೇ ಅರ್ಧ ಆಯುಷ್ಯ ಕಳೆದ ದರ್ಜಿ ನಾನು. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಸೊಂಟ ಎಷ್ಟೆಂದು ಹೇಳಬಲ್ಲೆ. ಅಂಥವನಿಗೆ ಒಂದು ಫೋಟೊ ಯಾವ ಲೆಕ್ಕ?

"ಸ್ಟುಡಿಯೋದವನಿಗೆ ಕೊಡಿ ಅಂದೆ," ಎಂದಳು ಹೆಂಡತಿ ಕೆಳಗಿನಿಂದ.

"ಅಳತೆ ಕೆಲ್ಸಕ್ಕೆ ನಾನು ಇನ್ನೊಬ್ಬರ ಬಾಗಿಲಿಗೆ ಹೋಗ್ಬೇಕಾ?"

"ಇವತ್ತು ಅಣ್ಣ ಬರ್ತಿದಾನೆ. ಅಷ್ಟು ನೆನಪಿಟ್ಕೊಂಡು ಏನಾದ್ರೂ ಮಾಡ್ಕೊಳ್ಳಿ."

ನೆನಪಿಲ್ಲದೆ ಏನು. ಇನ್ನು ಕನ್ನಡಕ ಬದಲಿಸಿ ಪ್ರಯೋಜನವಿಲ್ಲ ಎಂದು ಡಾಕ್ಟರು ಅತ್ತೆಯನ್ನು ಮನೆಗೆ ಕಳಿಸಿಬಿಟ್ಟಿದ್ದರು. ಕಣ್ಣು ಪೂರ್ತಿ ಆರುವ ಮೊದಲು ಮಕ್ಕಳನ್ನೆಲ್ಲ ಒಟ್ಟಿಗೆ ಗೋಡೆಯ ಮೇಲೆ ದೊಡ್ಡದಾಗಿ ನೋಡಬೇಕು ಎಂಬುದು ಅವರ ಒಂದೇ ಬೇಡಿಕೆ. ಎಲ್ಲರೂ ಒಟ್ಟಿಗಿರುವ ಫೋಟೊ ಇದ್ದದ್ದು ಒಂದೇ, ಹೆಂಡತಿಯ ತಂಗಿ ಹೊಸ ಮನೆಗೆ ಹೋದ ದಿನದ್ದು. ಬಲತುದಿಯಲ್ಲಿ ನಾನು, ಆಮೇಲೆ ಹೆಂಡತಿ, ಅವಳ ತಂಗಿ, ಅತ್ತೆ, ಎಲ್ಲರೂ ಕುರ್ಚಿಯಲ್ಲಿ. ಎಡತುದಿಯಲ್ಲಿ ಹೆಂಡತಿಯ ಅಣ್ಣ, ಅತ್ತೆಯ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತಿದ್ದಾರೆ. ಅವರು ಬಂದದ್ದು ತಡವಾಗಿತ್ತು. ಕುರ್ಚಿ ಸಾಲಲಿಲ್ಲ, ಕೂತವರು ಯಾರೂ ಏಳಲಿಲ್ಲ. ಹೆತ್ತವಳ ಪಕ್ಕದಲ್ಲೂ ತನಗೊಂದು ಜಾಗವಿಲ್ಲವಲ್ಲ ಎಂದು ಉಣ್ಣದೆ ಹೊರಟುಹೋದವರು, ಆಮೇಲೆ ಆರು ವರ್ಷ ನಮ್ಮ ಹೊಸಿಲು ತುಳಿದಿರಲಿಲ್ಲ. ನಾನು ಅವರನ್ನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎನ್ನುತ್ತಾರೆ. ನಮ್ಮಿಬ್ಬರ ನಡುವೆ ಭಾವಕ್ಕೆ ಬರವಿರಲಿಲ್ಲ, ಬರವಿದ್ದದ್ದು ಮಾತಿಗೆ. ಈಗ ನನ್ನ ಹೆಂಡತಿ ಫೋನಿನಲ್ಲಿ ಅತ್ತು ಕರೆದದ್ದಕ್ಕೆ, ಒಂದು ಸಲ ಬಂದು ಅಮ್ಮನನ್ನು ನೋಡಿಕೊಂಡು ಹೋಗುತ್ತೇನೆ ಎಂದಿದ್ದರು. ಒಂದು ಸಲ ಎಂಬುದನ್ನು ಒತ್ತಿ ಹೇಳಿದ್ದರಂತೆ.

ಗಿರಾಕಿಗಳಿಗೆ ಕಾಲರಿನ ನಮೂನೆ ತೋರಿಸಲು ಕೊಂಡ ಟ್ಯಾಬ್ಲೆಟ್ಟನ್ನು, ಜೊತೆಗೆ ಪ್ರಿಂಟರನ್ನು, ಅಂಗಡಿಯಿಂದ ತಂದಿದ್ದೆ. ನಮ್ಮ ಮನೆಯಲ್ಲಿ ಎರಡು ಬಗೆಯ ಟ್ಯಾಬ್ಲೆಟ್. ಅತ್ತೆ ಊಟ ಆದ ಮೇಲೆ ತೆಗೆದುಕೊಳ್ಳುವುದು ಒಂದು, ನಾನು ಊಟ ಬಿಟ್ಟು ಹಿಡಿದುಕೊಳ್ಳುವುದು ಇನ್ನೊಂದು. ತಲೆನೋವಿಗೆ ಅವರದು ಔಷಧ, ನನ್ನದು ಮೂಲ.

ಮೊದಲ ಸಲ ಫೋಟೊ ಬಂತು. ದೊಡ್ಡ ಹಾಳೆಯ ಒಂದು ಮೂಲೆಯಲ್ಲಿ, ಐದೂ ಜನ, ಉಗುರಿನಷ್ಟಗಲ. ಹೆಂಡತಿ ಹಾಳೆಯನ್ನು ಬೆಳಕಿಗೆ ಹಿಡಿದಳು.

"ಸ್ಟಾಂಪು ಚೆನ್ನಾಗಿದೆ. ಒಂದು ಕಾಗದ ಬರೆದು, ಇದನ್ನ ಅಂಟಿಸಿ, ಅಣ್ಣನಿಗೆ ಪೋಸ್ಟ್ ಮಾಡಿಬಿಡೋಣ."

ಅಳತೆ ಹಿಗ್ಗಿಸಿದೆ. ಈ ಸಲ ಹಾಳೆಯ ತುಂಬ ಅತ್ತೆಯ ಗಲ್ಲ ಮತ್ತು ಕುರ್ಚಿಯ ಒಂದು ಕೈ ಬಂತು. ಕುಗ್ಗಿಸಿದೆ. ಎಲ್ಲರೂ ಬಂದರು, ಆದರೆ ಅಡ್ಡ ಮಲಗಿಕೊಂಡು ಬಂದರು. ನಿಲ್ಲಿಸಿದೆ. ಅಷ್ಟರಲ್ಲಿ ಪ್ರಿಂಟರಿನಲ್ಲಿ ಹಳದಿ ಶಾಯಿ ತೀರಿ ಇಡೀ ಕುಟುಂಬ ನೀಲಿಗಟ್ಟಿತು. ನೀರಿನಿಂದ ಈಗ ತಾನೇ ಮೇಲೆತ್ತಿದ ಹಾಗಿದ್ದೇವೆ ಎಂದು ಹೆಂಡತಿ ಹೇಳಿದಳು. ಅವಳು ನಗುತ್ತಿರಲಿಲ್ಲ. ಶಾಯಿ ತಂದು ತುಂಬುವಾಗ ಮಿಕ್ಕಿದ್ದು ಹೊಳೆಯುವ ದಪ್ಪ ಹಾಳೆ ಒಂದೇ.

ಆಗ ಟ್ಯಾಬ್ಲೆಟ್ಟಿನಲ್ಲಿ ನನ್ನ ಕಣ್ಣಿಗೆ ಅದು ಬಿತ್ತು: 'ಅಂಚಿಲ್ಲದೆ, ಹಾಳೆ ತುಂಬ'. ಒತ್ತಿದೆ. ಚಿತ್ರ ಉದ್ದ, ಹಾಳೆ ಗಿಡ್ಡ. ಎರಡೂ ಕಡೆ ಸ್ವಲ್ಪ ಸ್ವಲ್ಪ ಹೊರಗುಳಿಯಿತು. ಬಲಗಡೆ ಹೊರಗುಳಿದದ್ದು ನನ್ನ ಕೋಟಿನ ತೋಳು. ಆ ತೋಳನ್ನು ನಾನು ಮೂರು ಸಲ ಬಿಚ್ಚಿ ಹೊಲಿದಿದ್ದೆ. ಭುಜದ ಹತ್ತಿರ ಒಂದು ಸುಕ್ಕಿಲ್ಲ. ಬೆರಳಿನಿಂದ ಎಳೆದರೆ ಚಿತ್ರ ಜಾಗ ಬದಲಿಸುತ್ತದೆಂದು ಗೊತ್ತಿತ್ತು. ಎಡಕ್ಕೆ ಎಳೆದೆ. ತೋಳು ಗುಂಡಿಯ ಸಮೇತ ಒಳಗೆ ಬಂತು. ತೃಪ್ತಿಯಾಯಿತು. ಅಚ್ಚು ಹಾಕಿ, ಚೌಕಟ್ಟಿಗೆ ಸೇರಿಸಿ, ಮೊಳೆಗೆ ತೂಗಿಹಾಕಿ, ಕುರ್ಚಿ ಎತ್ತಿ ಪಕ್ಕದ ಕೋಣೆಯಲ್ಲಿಟ್ಟು ಬಂದೆ. ಗೋಡೆ ಬೆಳಗಿತ್ತು. ಹಾಳೆಗೂ ಚೌಕಟ್ಟಿಗೂ ನಡುವೆ ದಾರ ತೂರಿಸಲೂ ಸಂದಿಯಿರಲಿಲ್ಲ.

ಹೆಂಡತಿ ಬಹಳ ಹೊತ್ತು ನೋಡಿದಳು.

"ಅಣ್ಣ ಎಲ್ಲಿ?"

ಅತ್ತೆಯ ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ ಇತ್ತು. ಮಣಿಕಟ್ಟಿಗೆ ಗಡಿಯಾರವಿತ್ತು. ಅದರ ಆಚೆ ಚೌಕಟ್ಟಿನ ಮರವಿತ್ತು.

ಬಟ್ಟೆಯಾಗಿದ್ದರೆ ಹೆದರುತ್ತಿರಲಿಲ್ಲ. ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರುತ್ತೇನೆ, ಬಿಚ್ಚಿ ಅಗಲ ಮಾಡಬಹುದು. ಫೋಟೊಗೆ ಒಳಬಟ್ಟೆ ಇರುವುದಿಲ್ಲ. ಬೇರೆ ಹಾಳೆಯೂ ಇರಲಿಲ್ಲ. ಕೆಳಗಿಳಿಸೋಣವೆಂದು ಕೈ ಚಾಚುವಷ್ಟರಲ್ಲಿ ಬಾಗಿಲ ಗಂಟೆಯ ಸದ್ದಾಯಿತು.

ಭಾವ ಒಳಗೆ ಬಂದರು. ತಲೆ ಪೂರ್ತಿ ನರೆತಿತ್ತು. ಅತ್ತೆಗೆ ಮಾತ್ರೆಯ ಮಂಪರು. ಎಬ್ಬಿಸುವುದು ಬೇಡವೆಂದು ಸನ್ನೆ ಮಾಡಿ, ಅವರು ನೇರ ಗೋಡೆಯ ಹತ್ತಿರ ಹೋದರು. ಚೌಕಟ್ಟಿನ ಎಡಪಕ್ಕದಲ್ಲಿ ನಿಂತು ಮುಖ ಹತ್ತಿರ ತಂದು ನೋಡಿದರು. ನನ್ನ ಕೊರಳಲ್ಲಿದ್ದ ಟೇಪು ಉರುಳಾದಂತಿತ್ತು.

"ಗಡಿಯಾರ ಚೆನ್ನಾಗಿ ಬಂದಿದೆ, ಭಾವ," ಎಂದರು. ಆರು ವರ್ಷದಲ್ಲಿ ನನ್ನೊಡನೆ ಆಡಿದ ಮೊದಲ ಮಾತು ಅದು.

ಅವರ ಕೈ ಜೇಬಿನೊಳಗೆ ಗಾಡಿಯ ಕೀಲಿ ಹುಡುಕುತ್ತಿತ್ತು. ಆ ಸದ್ದಿಗೋ ಏನೋ ಅತ್ತೆ ಕಣ್ಣು ಬಿಟ್ಟರು.

"ಫೋಟೊ ಹಾಕಿದ್ರಾ? ಎಲ್ಲಾ ಇದಾರಾ?"

ಹೆಂಡತಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅತ್ತೆ ದಿಂಬಿಗೆ ಒರಗಿ, ಗೋಡೆಯತ್ತ ಕಣ್ಣು ಕಿರಿದು ಮಾಡಿದರು.

"ಉಳಿದೋರೆಲ್ಲ ಮಬ್ಬು ಮಬ್ಬು. ದೊಡ್ಡೋನೊಬ್ಬನೇ ಸರಿಯಾಗಿ ಬಂದಿರೋದು. ಎಡಗಡೆ ನಿಂತಿದಾನೆ." ಕತ್ತು ಮುಂದೆ ಚಾಚಿ ಕೇಳಿದರು, "ತಲೆ ಯಾಕೆ ಇಷ್ಟು ಬೆಳ್ಳಗಿದೆ? ಆವತ್ತು ಕಪ್ಪಿತ್ತಲ್ಲ."

"ಆವತ್ತು ಕಪ್ಪಿತ್ತಮ್ಮ," ಎಂದಿತು ಫೋಟೊ.

ಅತ್ತೆ ಬೆಚ್ಚಲಿಲ್ಲ. ಆ ಕಡೆಗೇ ಮುಖ ಹಿಡಿದಿದ್ದರು. ಭಾವ ಗೋಡೆ ಬಿಟ್ಟು ಅಲುಗಲಿಲ್ಲ.

"ಇನ್ನೂ ನಿಂತೇ ಇದೀಯೇನೋ? ಯಾರೂ ಕುರ್ಚಿ ಕೊಡ್ಲಿಲ್ವಾ?"

ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಹೋಗಿ, ಕುರ್ಚಿ ತನ್ನಿ. ಅಳತೆ ತೆಗೀತಾ ನಿಲ್ಬೇಡಿ."

ತಂದೆ. ಬೆಳಿಗ್ಗೆ ನಾನು ಹತ್ತಿ ನಿಂತ ಕುರ್ಚಿಯೇ ಅದು. ಮೇಲಿದ್ದ ನನ್ನ ಪಾದದ ಗುರುತನ್ನು ಅಂಗಿಯ ತೋಳಿನಿಂದಲೇ ಒರೆಸಿ ಚೌಕಟ್ಟಿನ ಎಡಕ್ಕೆ ಹಾಕಿದೆ.

ಭಾವ ಈಗ ಪ್ರತಿ ಭಾನುವಾರ ಬರುತ್ತಾರೆ. ಅತ್ತೆಗೆ ಗೋಡೆಯೂ ಕಾಣುವುದಿಲ್ಲ. ಕುರ್ಚಿ ಎಳೆದ ಸದ್ದಿಗೆ ಆ ಕಡೆ ತಲೆ ತಿರುಗಿಸುತ್ತಾರೆ.