ಹೊಲಿಗೆಯಿಲ್ಲದ ಮೊಣಕಾಲು

ರೋಣದ ನಮ್ಮ ಓಣಿಯಲ್ಲಿ ಬೆಳಗಿನ ರೊಟ್ಟಿ ಬಡಿಯುವ ಸದ್ದು ಏಕಾಏಕಿ ನಿಂತುಹೋಯಿತು. ಪ್ರಾಣಹಾನಿಯ ವರದಿ ಬರಲಿಲ್ಲ. ಅವ್ವನ ಎಡಮೊಣಕಾಲು ವರ್ಷಗಟ್ಟಲೆ ನೊಂದು, ಕೊನೆಗೆ ನೆಲಕ್ಕೆ ಕೂರಲಾಗದೆ ಅವಳು ಕುರ್ಚಿ ಸೇರಿದ್ದಳು. ಕುರ್ಚಿಯಿಂದ ರಾಜ್ಯ ಆಳಬಹುದು, ರೊಟ್ಟಿ ಬಡಿಯಲಾಗದು. "ನೆಲಕ್ಕ ಕುಂತು ಒಂದ ರೊಟ್ಟಿ ಬಡದ್ರ ಸಾಕಪಾ" ಎಂಬುದೊಂದೇ ಅವಳ ಆಸೆ. ಕೊಯ್ಯದೆ, ರಕ್ತನಾಳದ ಒಳಗಿಂದಲೇ ನೋವಿಗೆ ಚಿಕಿತ್ಸೆ ಮಾಡೋಣವೆಂದರು ಹುಬ್ಬಳ್ಳಿಯ ಡಾಕ್ಟರು. ಇಂಥ ಸುದ್ದಿ ಹೊಕ್ಕ ಮನೆಯಲ್ಲಿ ಪ್ರಸಂಗಗಳಿಗೆ ಬರವಿಲ್ಲ.

೧. ಕಾಲುವೆ

ನರಗುಂದದ ಸೋದರಮಾವನ ಹೊಲ ಕಾಲುವೆಯ ಕಟ್ಟಕಡೆಗಿದೆ, ಮೇಲಿನವರು ತಡೆದು ಬಿಟ್ಟಷ್ಟೇ ನೀರು. ಅವನಿಗೆ ನಾನೇ ವಿವರಿಸಿದೆ: ಸವೆದ ಮೊಣಕಾಲಿನ ಸುತ್ತ ಬೇಡದ ಸಣ್ಣ ರಕ್ತನಾಳಗಳು ಬೆಳೆದಿರುತ್ತವೆ, ತೊಡೆಯ ಸಂದಿಯಿಂದ ತೆಳು ನಳಿಕೆ ತೂರಿಸಿ, ಸಣ್ಣ ಕಣ ಬಿಟ್ಟು, ಅವಕ್ಕೆ ಹೋಗುವ ರಕ್ತ ತಡೆಯುತ್ತಾರೆ, ಉರಿಯೂತ ಇಳಿಯುತ್ತದೆ.

ಮಾವ ಬೆರಗಾದ. "ನಡುವ ತಡದು ಒಬ್ಬರಿಗೆ ಚಲೋ ಮಾಡ್ತಾರಂತ ಇದ ಮೊದಲ ಕೇಳೀನಿ ನೋಡು" ಅಂದ.

೨. ಗಿಡ

ಚಿಕಿತ್ಸೆಯ ಹೊತ್ತಿನಲ್ಲಿ ಅವ್ವ ಎಚ್ಚರವಾಗಿಯೇ ಇದ್ದಳು. ಪರದೆಯ ಮೇಲೆ ಅವಳದೇ ರಕ್ತನಾಳಗಳು ಕೊಂಬೆ ಕೊಂಬೆಯಾಗಿ ಮೂಡಿದವು.

"ನನ್ನ ಕಾಲಾಗ ಇಷ್ಟ ಚಂದ ಗಿಡ ಐತೇನ್ರಿ!"

"ಹೌದ್ರಿ ಅವ್ವಾರ. ಈ ಪೊದಿ ಅಷ್ಟ ಬ್ಯಾಡಾದ್ದು" ಎಂದರು ಡಾಕ್ಟರು. ನೋಡನೋಡುತ್ತ ಪೊದೆ ಮಾಯವಾಯಿತು. ಅವ್ವ ಕೈಮುಗಿದಳು. "ಒಮ್ಮಿ ನಮ್ಮ ಹೊಲಕ್ಕ ಬರ್ರಿ. ಅಲ್ಲೂ ಕಸ ಭಾಳ ಐತಿ."

೩. ಪಟ್ಟಿ

ಮಾತಾಡಿಸಲು ಗಜೇಂದ್ರಗಡದಿಂದ ದೊಡ್ಡವ್ವ ಬಂದಳು, ಬ್ರೆಡ್ಡು ಎಳನೀರಿನ ಸಮೇತ.

"ಹೊಲಿಗಿ ತೋರ್ಸು."

"ಹೊಲಿಗಿ ಹಾಕಿಲ್ಲಕ್ಕಾ. ತೊಡಿ ಸಂದ್ಯಾಗ ಸೂಜಿ ಚುಚ್ಚಿದಷ್ಟ."

"ನೋವು ಮೊಣಕಾಲಾಗ, ತೂತು ತೊಡ್ಯಾಗ! ಬಸ್ಸಿನ್ಯಾಗ ನಿಂತಕೊಂಡ ಬಂದೀನಿ, ಏನರ ತೋರ್ಸವಾ."

ಅವ್ವನಿಗೆ ಪಾಪ ಅನ್ನಿಸಿತು. ಒಳಗೆ ಹೋಗಿ ಮೊಣಕಾಲಿಗೆ ಬಿಳಿ ಬಟ್ಟೆ ಬಿಗಿದುಕೊಂಡು ಬಂದಳು. ದೊಡ್ಡವ್ವ ತೃಪ್ತಿಯಿಂದ ಕಣ್ಣೀರು ಹಾಕಿದಳು.

ಕೆಲವು ವಾರ ಕಳೆದವು. ದೊಡ್ಡವ್ವ ಮತ್ತೆ ಬ್ರೆಡ್ಡು ಹಿಡಿದು ಬಂದು ನಮ್ಮಲ್ಲೇ ಉಳಿದಿದ್ದಳು. ಒಂದು ಬೆಳಿಗ್ಗೆ ಪಟಪಟ ಸದ್ದು ಕೇಳಿ ಇಬ್ಬರೂ ಅಡುಗೆಮನೆಗೆ ಓಡಿದೆವು. ಅವ್ವ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು! ಬಡಿದದ್ದನ್ನು ಹಂಚಿಗೆ ಹಾಕಿ, ನೀರಲ್ಲದ್ದಿದ ಬಟ್ಟೆಯಿಂದ ಮೇಲೆ ಸವರಿದಳು. ನಾನು ಅವಳ ಮಡಿಚಿದ ಮೊಣಕಾಲನ್ನೇ ನೋಡಿದೆ.

ದೊಡ್ಡವ್ವ ಮಾತ್ರ ಬಟ್ಟೆಯನ್ನೇ ನೋಡುತ್ತಿದ್ದಳು. "ಅಯ್ಯ ಶಿವನ! ಅದು ಆಪರೇಷನ್ ಪಟ್ಟಿ ಅಲ್ಲೇನ?"

"ಅಲ್ಲಕ್ಕಾ, ಇದು ಮೊದಲಿಂದ ರೊಟ್ಟಿ ಅರಬಿನ. ಖಾಲಿ ಬಿದ್ದಿತ್ತು, ನಿನ್ನ ಸಮಾಧಾನಕ್ಕ ಕಟಗೊಂಡಿದ್ದೆ. ಒಗದೀನಿ, ತಿನ್ನು."

ಮೋಡ ಕವಿದ ದಿನ ಅವ್ವನ ಮೊಣಕಾಲು ಈಗಲೂ ತುಸು ನೋಯುತ್ತದೆ. ರೊಟ್ಟಿ ಬಡಿದ ಆ ಬೆಳಿಗ್ಗೆ ದೊಡ್ಡವ್ವ ಬ್ರೆಡ್ಡು ತಿಂದಳು.